ಅಂತರಿಕ್ಷದಲ್ಲಿ ಮಲಗುವಾಗ ಫ್ಯಾನ್ ಯಾಕೆ ನಿಲ್ಲಬಾರದು?

ಪ್ರಶ್ನೆ (ಕುತೂಹಲಿ ಅಮ್ಮ):
ಶುಭಾಂಶು ಶುಕ್ಲಾ 2025ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಹೋಗಿಬಂದ ಮೇಲೆ ನನ್ನ ಮಗಳಿಗೆ ಅದೇ ಗುಂಗು. ಅಲ್ಲಿ ಮಲಗುವ ಗೂಡಿನ ವಿಡಿಯೊ ಇಬ್ಬರೂ ನೋಡಿದೆವು. ಒಬ್ಬರು ನಿಂತರೆ ಮುಗೀತು, ಅಷ್ಟೇ ಜಾಗ. ಗೋಡೆಗೆ ಕಟ್ಟಿದ ಸ್ಲೀಪಿಂಗ್ ಬ್ಯಾಗ್ ಒಳಗೆ ಹೊಕ್ಕು ನಿದ್ದೆ ಮಾಡುತ್ತಾರೆ. ಆದರೆ ಫ್ಯಾನ್ ಮಾತ್ರ ರಾತ್ರಿಯಿಡೀ ಓಡುತ್ತಲೇ ಇರಬೇಕಂತೆ. ಯಾಕೆ? ನಿಲ್ದಾಣದ ತುಂಬ ಆಮ್ಲಜನಕ ಇದ್ದೇ ಇದೆ ಅಲ್ವಾ? ಅಲ್ಲಿ ಗುರುತ್ವ ಇಲ್ಲದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಫಿಸಿಕ್ಸ್ ಮೇಷ್ಟ್ರು:
ಸಂಬಂಧ ಇದೆ ಮೇಡಂ. ಆದರೆ "ಗುರುತ್ವ ಇಲ್ಲ" ಎನ್ನುವುದು ಸರಿಯಲ್ಲ. ಮಕ್ಕಳ ತಲೆಯಲ್ಲಿ ಇದು ಒಮ್ಮೆ ಕೂತರೆ ತೆಗೆಯುವುದು ಕಷ್ಟ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ. ಅಲ್ಲಿ ನೆಲದಲ್ಲಿರುವ ಗುರುತ್ವದ ಹೆಚ್ಚುಕಮ್ಮಿ 90% ಇದ್ದೇ ಇದೆ. ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯ ಸುತ್ತ ಬೀಳುತ್ತಲೇ ಇರುತ್ತದೆ. ಒಳಗಿನ ಮನುಷ್ಯ, ಬ್ಯಾಗ್, ಗಾಳಿ ಎಲ್ಲವೂ ಜೊತೆಗೇ ಬೀಳುತ್ತವೆ. ಹಾಗಾಗಿ ಯಾವುದಕ್ಕೂ ತೂಕ ಗೊತ್ತಾಗುವುದಿಲ್ಲ.

ಈಗ ಉಸಿರಿಗೆ ಬರೋಣ. ನಾವು ಬಿಡುವ ಉಸಿರು ಬೆಚ್ಚಗಿರುತ್ತದೆ. ಇಲ್ಲಿ ಬೆಚ್ಚಗಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಹೊಸ ಗಾಳಿ ಬರುತ್ತದೆ. ಅಲ್ಲಿ ತೂಕವೇ ಇಲ್ಲದ ಮೇಲೆ ಹಗುರ ಯಾವುದು, ಭಾರ ಯಾವುದು? ಬಿಟ್ಟ ಉಸಿರು ಮುಖದ ಸುತ್ತಲೇ ನಿಂತುಬಿಡುತ್ತದೆ. ಅದನ್ನೇ ಮತ್ತೆ ಮತ್ತೆ ಎಳೆದುಕೊಂಡರೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ತಲೆನೋವು ಬರುತ್ತದೆ, ಉಸಿರು ಕಟ್ಟಿದಂತಾಗಿ ಎಚ್ಚರವೂ ಆಗಬಹುದು. ಆಮ್ಲಜನಕ ಪಕ್ಕದಲ್ಲೇ ಇರುತ್ತದೆ, ಮೂಗಿನ ತನಕ ಬರಲು ಫ್ಯಾನ್ ಬೇಕು. ಮೇಣದಬತ್ತಿಯ ಜ್ವಾಲೆ ಅಲ್ಲಿ ಗುಂಡಗಿರುವುದಕ್ಕೂ ಇದೇ ಕಾರಣ. ಮಗಳಿಗೆ ಅದರ ಚಿತ್ರ ತೋರಿಸಿ, ಬೇಗ ಅರ್ಥವಾಗುತ್ತದೆ.

ಹಳೇ ಎಂಜಿನಿಯರ್:
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಫ್ಯಾನ್ ಉಸಿರನ್ನು ಚದುರಿಸುತ್ತದೆ ಅಷ್ಟೇ. ಇಂಗಾಲದ ಡೈಆಕ್ಸೈಡ್ ತೆಗೆಯಲು ಬೇರೆ ಯಂತ್ರ ಇದೆ. ಅದು ಓಡುತ್ತಿದ್ದರೂ ನಿಲ್ದಾಣದ ಗಾಳಿಯಲ್ಲಿ ಅದರ ಪ್ರಮಾಣ ನಮ್ಮ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಇದು ಎಷ್ಟು ಗಂಭೀರ ಅಂತ 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13ರಲ್ಲಿ ಗೊತ್ತಾಯಿತು. ಮುಖ್ಯ ನೌಕೆ ಕೆಟ್ಟು ಮೂವರು ಯಾತ್ರಿಗಳೂ ಚಂದ್ರನ ಮೇಲಿಳಿಯಲು ಒಯ್ದಿದ್ದ ಚಂದ್ರನೌಕೆಯಲ್ಲಿ ಆಶ್ರಯ ಪಡೆದಿದ್ದರು. ಇಂಗಾಲದ ಡೈಆಕ್ಸೈಡ್ ಹೀರುವ ಅದರ ಫಿಲ್ಟರ್ ಡಬ್ಬಿಗಳು ಮೂವರಿಗೆ ಸಾಲುತ್ತಿರಲಿಲ್ಲ. ಅವು ದುಂಡಗೆ, ಮುಖ್ಯ ನೌಕೆಯವು ಚೌಕ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು, ಸೂಟಿನ ಕೊಳವೆ ಸೇರಿಸಿ ಚೌಕ ಡಬ್ಬಿಯನ್ನೇ ಜೋಡಿಸಿದರು. ಆ ಹೊತ್ತಿನಲ್ಲಿ ಆ ಬುದ್ಧಿ ಓಡಿತಲ್ಲ, ಎಂಜಿನಿಯರಿಂಗ್ ಅಂದರೆ ನನಗೆ ಅದೇ.

ಕುತೂಹಲಿ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳದ್ದು ಇನ್ನೊಂದು: ತಲೆ ಭಾರವೇ ಇಲ್ಲದಿದ್ದರೆ ದಿಂಬು ಯಾಕೆ?

ಫಿಸಿಕ್ಸ್ ಮೇಷ್ಟ್ರು:
ಒಳ್ಳೆ ಪ್ರಶ್ನೆ ಕೇಳಿದ್ದಾಳೆ! ನಿಜವಾಗಿ ಬೇಕಿಲ್ಲ. ಆದರೆ ತಲೆ ಯಾವುದಕ್ಕೂ ಒರಗದಿದ್ದರೆ ಕೆಲವರಿಗೆ ಮಲಗಿದ ಹಾಗೇ ಅನಿಸುವುದಿಲ್ಲ. ಅಂಥವರು ಪಟ್ಟಿ ಕಟ್ಟಿ ತಲೆಯನ್ನು ದಿಂಬಿಗೆ ಒತ್ತಿಕೊಳ್ಳುತ್ತಾರೆ.