ಹೋಲ್ಟರ್ ಮಾನಿಟರ್ ಹಾಕಿಕೊಂಡಾಗ ಮನೆಯ ವಿದ್ಯುತ್ ಸಾಮಾನು ಬಳಸಬಹುದೇ?

ಪ್ರಶ್ನೆ: 48 ಗಂಟೆ ಹೋಲ್ಟರ್ (ಹೃದಯ ಬಡಿತವನ್ನು ಸತತವಾಗಿ ದಾಖಲಿಸುವ, ಮೈಮೇಲೆ ಹಾಕಿಕೊಳ್ಳುವ ಚಿಕ್ಕ ಯಂತ್ರ) ಹಾಕಿಕೊಂಡಿರಬೇಕು. ಇಂಡಕ್ಷನ್ ಒಲೆ, ಹೇರ್ ಡ್ರೈಯರ್, ವಿದ್ಯುತ್ ಕಂಬಳಿ ಬಳಸಿದರೆ ಶಾಕ್ ಹೊಡೆಯುತ್ತಾ?

ಉತ್ತರ 1: ಶಾಕಿನ ಭಯ ಬೇಡ. ಅದು ಬ್ಯಾಟರಿಯಲ್ಲಿ ನಡೆಯುವ, ಬರೀ ದಾಖಲಿಸಿಕೊಳ್ಳುವ ಪೆಟ್ಟಿಗೆ. ಕೆಡುವುದು ರೆಕಾರ್ಡಿಂಗ್. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್ ಮಾತ್ರ. ಮನೆ ಕರೆಂಟಿನ 50 ಅಥವಾ 60 ಹರ್ಟ್ಸ್ ಗದ್ದಲ ಅದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ವಿದ್ಯುತ್ ಕಂಬಳಿ ರಾತ್ರಿಯಿಡೀ ಮೈಗೆ ತಾಗಿರುವುದರಿಂದ ಅದನ್ನು ಬಿಟ್ಟೇಬಿಡಿ. ಒಲೆಯ ಮೇಲೆ ಬಾಗಬೇಡಿ, ಒಂದು ತೋಳಿನಷ್ಟು ದೂರವಿರಲಿ. ಡ್ರೈಯರ್ ಗಾಳಿ ಎದೆಯತ್ತ ಬೇಡ: ಬಿಸಿಗೆ ಬೆವರಿ ಎಲೆಕ್ಟ್ರೋಡಿನ (ಸಂಕೇತ ಹಿಡಿಯಲು ಎದೆಗೆ ಅಂಟಿಸುವ ಬಿಲ್ಲೆ) ಅಂಟು ಬಿಡುತ್ತದೆ.

ಉತ್ತರ 2: ನಿಜವಾದ ಕಳ್ಳ ಸಡಿಲವಾದ ಎಲೆಕ್ಟ್ರೋಡ್. ಅಂಚು ಎದ್ದರೆ ಆ ತಂತಿಯೇ ಆಂಟೆನಾ ಆಗಿ ಗದ್ದಲ ಹಿಡಿಯುತ್ತದೆ. ಸುತ್ತಲಿನ ಬೆವರು ಒರೆಸಿ, ಅಂಚನ್ನು ಬೆರಳಿನಿಂದ ಒತ್ತಿ, ಮೇಲೆ ವೈದ್ಯಕೀಯ ಟೇಪ್ ಹಾಕಿ. ಪೂರ್ತಿ ಕಿತ್ತು ಬಂದರೆ ಅದೇ ಜಾಗಕ್ಕೆ ಹೊಸದು; ಕೊಟ್ಟಿರದಿದ್ದರೆ ಹಾಕಿದವರಿಗೆ ಫೋನ್ ಮಾಡಿ. ಮೊಬೈಲನ್ನು ಅಂಗಿಯ ಜೇಬಿನಲ್ಲಿ ಇಡಬೇಡಿ.

ಪ್ರಶ್ನೆ ಕೇಳಿದವರು: ಬ್ಯಾಟರಿಯ ಟೂತ್‌ಬ್ರಷ್?

ಉತ್ತರ 1: ಎರಡು ದಿನ ಸಾದಾ ಬ್ರಷ್ ಸಾಕು. ಅದರಲ್ಲೂ ಜೋರಾಗಿ ಉಜ್ಜಬೇಡಿ. ಕೈಯ ಲಯಬದ್ಧ ಅಲುಗಾಟ ರೆಕಾರ್ಡಿಂಗ್ ಪಟ್ಟಿಯಲ್ಲಿ ಥೇಟ್ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾದಂತೆ (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯಕಾರಿ ವೇಗದ ಬಡಿತ) ಮೂಡುವುದುಂಟು! ಉಜ್ಜಿದ ಸಮಯವನ್ನು ಡೈರಿಯಲ್ಲಿ ಬರೆದಿಡಿ.

ಉತ್ತರ 3: ಪೇಸ್‌ಮೇಕರ್ (ಹೃದಯ ಬಡಿತವನ್ನು ಸರಿಯಾಗಿಡಲು ದೇಹದೊಳಗೆ ಇಡುವ ಸಾಧನ) ಕೂಡ ಇದ್ದರೆ ಲೆಕ್ಕವೇ ಬೇರೆ: ಆನ್ ಆಗಿರುವ ಇಂಡಕ್ಷನ್ ಒಲೆಯಿಂದ ಎದೆ 60 ಸೆಂ.ಮೀ. ದೂರವಿರಬೇಕು.