ಓದಿದ್ದು ತಲೆಯಲ್ಲಿ ನಿಲ್ತಿಲ್ಲ ಅಂತಾರೆ ಅಪ್ಪ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪನಿಗೆ 72 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಎರಡು ವರ್ಷದಿಂದ ಒಂದೇ ಪುಟವನ್ನು ಎರಡೆರಡು ಸಲ ಓದುತ್ತಾರೆ. ಕಾದಂಬರಿಯ ಪಾತ್ರಗಳ ಹೆಸರು ಮರೆತು ಹಿಂದಿನ ಪುಟ ತಿರುವುತ್ತಾರೆ. ಮೊನ್ನೆ "ನನ್ನ ತಲೆ ಮುಗೀತು ಕಣಮ್ಮ" ಅಂತ ಪುಸ್ತಕ ಮುಚ್ಚಿಟ್ಟರು. ತುಂಬಾ ಸಂಕಟವಾಯಿತು. ಇದು ಮರೆವಿನ ಕಾಯಿಲೆಯ ಶುರುವೇ?

ಉತ್ತರ (ನರರೋಗ ವೈದ್ಯೆ): ಇಷ್ಟರಿಂದಲೇ ಹಾಗನ್ನಲು ಆಗುವುದಿಲ್ಲಮ್ಮ. ವಯಸ್ಸಾದಂತೆ ಮಿದುಳಿನ ವೇಗ ತಗ್ಗುತ್ತದೆ. ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯೂ ತಗ್ಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ ಅಲ್ವಾ? ಉದ್ದ ವಾಕ್ಯವಾದರೆ ಯಾರು, ಎಲ್ಲಿ, ಯಾಕೆ ಎಲ್ಲವನ್ನೂ ಅಲ್ಲಿಯವರೆಗೆ ಹೊತ್ತುಕೊಂಡು ಹೋಗಬೇಕು. ಅಷ್ಟರಲ್ಲಿ ಮೊದಲಿನದು ಜಾರಿರುತ್ತದೆ. ಹೆಸರುಗಳಂತೂ ಬೇಗ ಜಾರುತ್ತವೆ. ಆದರೆ ಕಲಿತ ಪದಗಳು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 60 ದಾಟಿದ ಮೇಲೂ ಪದಗಳ ಅರಿವು ಬೆಳೆಯುವುದುಂಟು. ಕಥೆಯ ತಿರುಳು ಹಿಡಿಯುವುದರಲ್ಲೂ ಹಿರಿಯರು ಹುಡುಗರಿಗೆ ಕಡಿಮೆಯಿಲ್ಲ. "ಏನಾಯ್ತಪ್ಪ ಕಥೆಯಲ್ಲಿ?" ಅಂತ ಸುಮ್ನೆ ಕೇಳಿ ನೋಡಿ. ಪರೀಕ್ಷೆ ಮಾಡಿದ ಹಾಗೆ ಬೇಡ.

ಪ್ರಶ್ನೆ: ಕೇಳಿದೆ ಡಾಕ್ಟ್ರೇ. ಹೆಸರಿಗೆ ತಡವರಿಸಿದರು. ಆದರೆ ಮಗ ಯಾಕೆ ಮನೆ ಬಿಟ್ಟ ಅನ್ನೋದನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರು! ಅವರು ಓದುವುದು ಮಂಚದ ಪಕ್ಕದ ಸಣ್ಣ ದೀಪದಲ್ಲಿ. ರಾತ್ರಿ ನಿದ್ದೆ ಮಾತ್ರೆ ತಗೋತಾರೆ.

ಉತ್ತರ: ಕೇಳಿ ಸಮಾಧಾನವಾಯಿತು. ದೀಪ, ಮಾತ್ರೆ ಎರಡನ್ನೂ ಹೇಳಿದ್ದು ಒಳ್ಳೆಯದಾಯಿತು. 20ರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ 60ರ ಕಣ್ಣಿಗೆ ಸಿಗುತ್ತದೆ. ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಹೋದರೆ ನೆನಪಿಟ್ಟುಕೊಳ್ಳಲು ಏನು ಉಳಿಯುತ್ತದೆ? ಪ್ರಖರ ದೀಪ ಹಾಕಿಸಿ, ಪೊರೆ ಬಂದಿದೆಯೇ ತೋರಿಸಿ. ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳು ನೆನಪನ್ನು ಮಂಕು ಮಾಡುತ್ತವೆ. ಆದರೆ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆಯೂ ಆಗಲಿ. ಮಾಂಸಾಹಾರ ಇಲ್ಲದ ಮನೆಗಳಲ್ಲಿ ಬಿ12 ಕೊರತೆ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಹಾಗಾದರೆ ಯಾವಾಗ ಹೆದರಬೇಕು?

ಉತ್ತರ: ತಿರುಳೇ ತಪ್ಪತೊಡಗಿದಾಗ. ಬೆಳಿಗ್ಗೆ ಓದಿ ಹೇಳಿದ ಸುದ್ದಿಯನ್ನೇ ಮಧ್ಯಾಹ್ನ ಹೊಸದೆಂಬಂತೆ ಹೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ, ಪಿಂಚಣಿ ಲೆಕ್ಕ ಗೊಂದಲವಾದರೆ ತಡ ಮಾಡಬೇಡಿ. ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಲಿ, ಅವರ ಓದಿನ ಮಟ್ಟಕ್ಕೂ ಹೊಂದಲಿ ಎಂದು ಕೇಳಿ ಮಾಡಿಸಿ.

ಮೇಷ್ಟ್ರ ಮಗಳಿಗೆ ಇನ್ನೊಂದು ಮಾತು: ಪಾತ್ರಗಳ ಹೆಸರು, ಸಂಬಂಧ ಬರೆದ ಚೀಟಿಯನ್ನು ಪುಸ್ತಕದಲ್ಲಿಟ್ಟು ಅದನ್ನು ಅವರ ಕೈಗೆ ವಾಪಸ್ ಕೊಡಿ. ಇವತ್ತೇ ಕೊಡಿ.