ಬರ್ ಅಲ್ ಹಿಕ್ಮಾನ್‌ಗೆ ಒಂದೇ ಗಾಡಿಲಿ ಹೋಗ್ಬಹುದಾ?

ಮಂಡ್ಯಮಸ್ಕತ್:
ಎಲ್ರಿಗೂ ನಮಸ್ಕಾರ. ಒಮಾನ್‌ಗೆ ಬಂದು ಎರಡು ವರ್ಷ ಆಯ್ತು, ಈ ಡಿಸೆಂಬರ್ ರಜೆಲಿ ಮಸೀರಾ ದ್ವೀಪದ ಎದುರಿಗಿರೋ ಬರ್ ಅಲ್ ಹಿಕ್ಮಾನ್ ಅನ್ನೋ ಕರಾವಳಿ ಬಯಲು ನೋಡ್ಕೊಂಡು ಬರೋಣ ಅಂತ. ನಮ್ಮನೆಯವಳಿಗೆ ಹಕ್ಕಿ ಹುಚ್ಚು, ಕೊಕ್ಕರೆ ಬೆಳ್ಳೂರು ರಂಗನತಿಟ್ಟು ಸುತ್ತಿ ಬೆಳೆದವಳು, ಅಲ್ಲಿಗೆ ಚಳಿಗಾಲದಲ್ಲಿ ಐದು ಲಕ್ಷದಷ್ಟು ಹಕ್ಕಿ ಬರುತ್ತೆ ಅಂತ ಕೇಳಿದಾಗಿಂದ ಒಂದೇ ಹಠ. ಬಾಡಿಗೆಗೆ ಫೋರ್‌ವೀಲ್ ತಗೊಂಡು ನಾವಿಬ್ರು ಮಗಳು ಅಷ್ಟೇ ಹೋಗೋದು. ಮ್ಯಾಪಲ್ಲಿ ನೋಡಿದ್ರೆ ಪೂರ್ತಿ ಚಪ್ಪಟೆ, ಮೈದಾನ ಇದ್ದಂಗಿದೆ, ಇದಕ್ಕೆ ಆಫ್‌ರೋಡ್ ಅನುಭವ ಬೇಕೇ ಬೇಕಾ?

ಕರಾವಳಿಬಾಯ್:
ಮಾರಾಯ್ರೆ ಚಪ್ಪಟೆ ಇರುದೇ ಡೇಂಜರ್. ಅದು ಸಬ್ಖಾ, ಮೇಲಿಂದ ಒಣಗಿದ ಹಪ್ಪಳದ ಹಾಗೆ ಉಪ್ಪಿನ ಪದರ, ಅಡಿಯಲ್ಲಿ ಬರೀ ಕೆಸರು. ನಾವು ಒಮ್ಮೆ ಟ್ರ್ಯಾಕ್ ಬಿಟ್ಟು ಒಂದು ಐವತ್ತು ಮೀಟರ್ ಶಾರ್ಟ್‌ಕಟ್ ಹೊಡೆದದ್ದು ಅಷ್ಟೇ, ಗಾಡಿ ಹೊಟ್ಟೆಯವರೆಗೆ ಕೂತಿತು. ಮರಳಾದ್ರೆ ಟಯರ್ ಗಾಳಿ 15-18 ಪಿಎಸ್‌ಐಗೆ ಇಳಿಸಿ ಹೇಗಾದ್ರೂ ಹೊರಗೆ ಬರ್ಬಹುದು, ಇದ್ರಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಗುದು. ಮೂರು ಗಂಟೆ ಆದ್ಮೇಲೆ ಮೀನಿನವರ ಪಿಕಪ್ ಒಂದು ಬಂತು, ಹಗ್ಗ ಹಾಕಿ ಎಳೆದು ಖರ್ಜೂರ ಕಾಫಿ ಕೊಟ್ಟು ಕಳಿಸಿದ್ರು, ದುಡ್ಡು ಕೊಟ್ರೆ ಮುಟ್ಲೇ ಇಲ್ಲ.

ಧಾರವಾಡಪೇಡಾ:
ನಮ್ಮ ಕಡೆ ಮಳಿ ಆದ ಮ್ಯಾಲೆ ಎರಿ ಹೊಲದಾಗ ಟ್ರ್ಯಾಕ್ಟರ್ ಸಿಕ್ಕೊಳ್ಳೂದು ನೋಡೀರಲ್ಲ, ಅದರ ಮ್ಯಾಲ ಚೌಳು ಹರಿವಿದ್ರ ಹೆಂಗೋ ಹಂಗ ಇದು. ಒಂದ ಗಾಡಿ ಬ್ಯಾಡ್ರಿ, ಅದೂ ಸಣ್ಣ ಹುಡುಗಿ ಕರ್ಕೊಂಡು. ಸಿನಾವ್ ಊರಿನ ಮ್ಯಾಲೆ ಹಾದು ಮಹೂತ್ ಊರಾಗ ಟ್ಯಾಂಕ್ ಫುಲ್ ಮಾಡ್ರಿ, ನೀರು ಎರಡು ಪಟ್ಟು ಇಟ್ಕೋರಿ. ಮಸೀರಾಕ್ಕ ಫೆರ್ರಿ ಬಿಡೋ ಶನ್ನಾ ತನಕ ಡಾಂಬರ್ ಐತಿ, ಅದರ ಆಚೆ ಮೊದಲ ಗಾಡಿ ಹೋದ ಗುರುತು ಇದ್ದಲ್ಲೆ ಅಷ್ಟ ಹೋಗ್ರಿ. ಮತ್ತ ಬಾಡಿಗಿ ಕರಾರಿನ್ಯಾಗ ಆಫ್‌ರೋಡ್ ಇನ್ಶೂರೆನ್ಸ್ ಐತೋ ಇಲ್ಲೋ ಓದ್ರಿ, ಭಾಳ ಕಡೆ ಇರಂಗಿಲ್ಲ.

ಗುಬ್ಬಿಗೂಡು:
ಹಕ್ಕಿ ನೋಡೋಕೆ ಗಾಡಿನ ನೀರಿನ ತನಕ ತಗೊಂಡು ಹೋಗೋ ಅಗತ್ಯಾನೇ ಇಲ್ಲ ಸರ್. ಎಲ್ರೂ ಇಳಿತ ನೋಡ್ಕೊಂಡು ಹೋಗ್ತಾರೆ, ಆಗ ಹಕ್ಕಿಗಳೆಲ್ಲ ಕಿಲೋಮೀಟರ್‌ಗಟ್ಟಲೆ ದೂರದ ಕೆಸರಲ್ಲಿ ಬರೀ ಚುಕ್ಕಿ. ಉಬ್ಬರ ಏರೋಕೆ ಮುಂಚೆ ಹೋಗಿ ಗಟ್ಟಿ ನೆಲದಲ್ಲಿ ಗಾಡಿ ನಿಲ್ಸಿ ಸುಮ್ನೆ ಕೂತ್ಕೊಳ್ಳಿ, ನೀರೇ ಅವನ್ನ ನಿಮ್ಮ ಕಡೆ ತಳ್ಕೊಂಡು ಬರುತ್ತೆ. ಫಿಲಿಮ್ ಹಳ್ಳಿ ಕಡೆ ಕಾಂಡ್ಲಾ ಗಿಡನೂ (ಮ್ಯಾಂಗ್ರೋವ್) ಇದೆ, ಚೆನ್ನಾಗಿರುತ್ತೆ. ಕ್ರ್ಯಾಬ್ ಪ್ಲವರ್ ಮಿಸ್ ಮಾಡ್ಬೇಡಿ, ಕಪ್ಪು ಬಿಳಿ ಮೈ, ದಪ್ಪ ಕೊಕ್ಕು, ಏಡಿನೇ ಊಟ, ಮರಳಲ್ಲಿ ಬಿಲ ತೋಡಿ ಮೊಟ್ಟೆ ಇಡೋ ವಿಚಿತ್ರ ಹಕ್ಕಿ. ಡ್ರೋನ್ ಮಾತ್ರ ದಯವಿಟ್ಟು ಬೇಡ, ಸೈಬೀರಿಯಾದಿಂದ ಬಂದು ಮೈ ತುಂಬಿಸ್ಕೊಳ್ತಿರ್ತಾವೆ, ಒಂದ್ಸಲ ಎದ್ರೆ ಸಾವಿರಗಟ್ಟಲೆ ಒಟ್ಟಿಗೆ ಏಳ್ತಾವೆ.

ಮಂಡ್ಯಮಸ್ಕತ್:
ಅಯ್ಯೋ, ಕೇಳಿದ್ದು ಒಳ್ಳೇದಾಯ್ತು. ಒಂದೇ ಗಾಡಿ ಪ್ಲಾನ್ ಕ್ಯಾನ್ಸಲ್, ಇಬ್ರಾದಲ್ಲಿರೋ ಭಾವಂಗೆ ಫೋನ್ ಮಾಡಿದೆ, ಅವರೂ ಪಿಕಪ್ ತರ್ತಾರಂತೆ. ಉಬ್ಬರದ ವಿಷಯ ಹೇಳಿದ್ದಕ್ಕೆ ನಮ್ಮನೆಯವಳು ನಾನು ಆಗ್ಲೇ ಹೇಳಿದ್ನಲ್ಲ ಅಂತಿದಾಳೆ, ಯಾವಾಗ ಹೇಳಿದ್ಲೋ ದೇವ್ರಿಗೇ ಗೊತ್ತು. ಗಾಳಿ ತುಂಬೋ ಸಣ್ಣ ಕಂಪ್ರೆಸರ್ ಮಸ್ಕತ್‌ನ ರುವಿಲಿ ಎಲ್ಲಿ ಸಿಗುತ್ತೆ?